ತಾತನ ಟ್ರಂಕಿನಲ್ಲಿ ಸಿಕ್ಕ ಹಳೇ ನಕ್ಷೆ: ನಮ್ಮ ಹಳ್ಳ ಯಾವ ಕಡೆ ಹರಿಯುತ್ತಿತ್ತು?

ತೋಟದವಳು, ಹೊಸದುರ್ಗ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸದುರ್ಗ ತಾಲ್ಲೂಕಿನ ಒಂದು ಸಣ್ಣ ಊರು. ವಾಣಿವಿಲಾಸ ಸಾಗರ ತುಂಬಿದ ವರ್ಷ ನಮ್ಮೂರಿನಿಂದ ಅರ್ಧ ಗಂಟೆ ನಡೆದರೆ ಹಿನ್ನೀರು ಸಿಗುತ್ತದೆ. ಮೂರೂವರೆ ಎಕರೆ ತೋಟ ಇದೆ. ಅಡಿಕೆ, ಅಂಚಿಗೆ ತೆಂಗು. ಅಪ್ಪ ಹೋದ ಮೇಲೆ ನಾನೇ ನೋಡಿಕೊಳ್ಳುತ್ತಿದ್ದೇನೆ. ಊರಿನ ಹೆಸರು ಬೇಕಂತಲೇ ಬರೆದಿಲ್ಲ. ಯಾಕೆ ಅಂತ ಓದಿದರೆ ಗೊತ್ತಾಗುತ್ತದೆ.

ಹೋದ ತಿಂಗಳು ಅಟ್ಟ ಗುಡಿಸುವಾಗ ತಾತನ ತಗಡಿನ ಟ್ರಂಕು ಕೆಳಗಿಳಿಸಿದೆ. ಪಂಚೆ, ಹಳೇ ಕಂದಾಯದ ರಸೀದಿಗಳು, ತಳದಲ್ಲಿ ಒಂದು ನಕ್ಷೆ. ತಾತ ವಯಸ್ಸಿನಲ್ಲಿ ಸರ್ವೆ ಪಾರ್ಟಿಯವರ ಜೊತೆ ಖಲಾಸಿ ಆಗಿ ಓಡಾಡಿದವರು. ಗುಡ್ಡದ ಮೇಲೆ ಬಾವುಟ ನೆಡುವುದು, ಸರಪಳಿ ಎಳೆಯುವುದು, ಡೇರೆ ಸಾಮಾನು ಹೊರುವುದು. ಆ ಕಥೆ ಚಿಕ್ಕವಳಿದ್ದಾಗ ಕೇಳಿದ್ದೆ. ನಕ್ಷೆ ಇದೆ ಅಂತ ಮಾತ್ರ ಯಾರೂ ಹೇಳಿರಲಿಲ್ಲ.

ನಕ್ಷೆಯ ಹಿಂದೆ ಬಟ್ಟೆ ಅಂಟಿಸಿದ್ದಾರೆ. ಮಡಿಕೆ ಬಿದ್ದ ಕಡೆ ಕಾಗದ ಸವೆದು ನೂಲು ಕಾಣುತ್ತದೆ. ಮೇಲೆ ಬಲ ಮೂಲೆಯಲ್ಲಿ 57 ಸಿ/5 ಅಂತ ನಂಬರ್ ಇದೆ. ಕೆಳಗೆ ಒಂದು ಇಂಚಿಗೆ ಒಂದು ಮೈಲಿ ಅಂತ ಇದೆ. ಮೈಸೂರು ಅಂತಲೂ ಅಚ್ಚಾಗಿದೆ. ಇಸವಿ ಇರಬೇಕಾದ ಜಾಗವನ್ನು ಗೆದ್ದಲು ತಿಂದಿದೆ. ವೇದಾವತಿ, ಸಾಗರದ ನೀರು, ಮಾರಿಕಣಿವೆ ಗುಡ್ಡಗಳು ಎಲ್ಲಾ ಕಾಣುತ್ತವೆ. ಗುಡ್ಡಗಳ ಮೇಲೆ ಕಂದು ಗೆರೆಗಳು, ಬೆರಳಚ್ಚಿನ ಹಾಗೆ ಸುತ್ತಿ ಸುತ್ತಿ. ನನಗೆ ಎಲ್ಲಕ್ಕಿಂತ ಅಮೂಲ್ಯ ಅನ್ನಿಸಿದ್ದು ತಾತನ ಪೆನ್ಸಿಲ್ ಬರವಣಿಗೆ. ಅಚ್ಚಾದ ಹೆಸರೆಲ್ಲ ಇಂಗ್ಲಿಷಿನಲ್ಲಿವೆ. ತಾತನಿಗೆ ಅದು ಓದಲು ಬರುತ್ತಿರಲಿಲ್ಲ. ಅದಕ್ಕೇ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡಿದ್ದಾರೆ. ಒಂದು ಗುಡ್ಡದ ನೆತ್ತಿಗಿಂತ ಸ್ವಲ್ಪ ಕೆಳಗೆ ಸಾಸಿವೆ ಕಾಳಿನಷ್ಟು ಸೊನ್ನೆ ಸುತ್ತಿ, 'ದೊಣೆ, ಬ್ಯಾಸಿಗೀಲೂ ನೀರು' ಅಂತ ಬರೆದಿದ್ದಾರೆ. ದೊಣೆ ಅಂದರೆ ಬಂಡೆ ನಡುವೆ ನೀರು ನಿಲ್ಲುವ ಗುಂಡಿ. ಆ ಅಕ್ಷರ ನೋಡಿ ತುಂಬಾ ಹೊತ್ತು ಅಲ್ಲೇ ಕೂತಿದ್ದೆ.

ಈಗ ನನ್ನ ಕಷ್ಟಕ್ಕೆ ಬರುತ್ತೇನೆ. 2022ರ ಸೆಪ್ಟೆಂಬರ್‌ನಲ್ಲಿ ಸಾಗರ 89 ವರ್ಷದ ಮೇಲೆ ಕೋಡಿ ಬಿತ್ತಲ್ಲ, ಆ ಮಳೆಗೆ ನಮ್ಮ ತೋಟಕ್ಕೆ ನೀರು ನುಗ್ಗಿತು. ನಾಲ್ಕು ದಿನ ಅಡಿಕೆ ಬುಡದಲ್ಲಿ ಮೊಣಕಾಲುದ್ದ ನೀರು. ಆಮೇಲೆ ಒಂದೊಂದೇ ಮರ ಸುಳಿ ಒಣಗುತ್ತಾ ಬಂದು ಅರವತ್ತು ಮರ ಹೋದವು. ಊರಲ್ಲಿ ಎಲ್ಲರೂ ಹಿನ್ನೀರು ಅಂದರು. ಹಿನ್ನೀರಲ್ಲ. ನೀರು ಬಂದಿದ್ದು ಗುಡ್ಡದ ಕಡೆಯಿಂದ, ಕೆಂಪಗೆ, ಕಲ್ಲು ಉರುಳಿಸಿಕೊಂಡು. 2025ರ ಜನವರಿಯಲ್ಲಿ ಸಾಗರ ಮತ್ತೆ ತುಂಬಿತು. ಆಗ ನಮ್ಮಲ್ಲಿ ಮಳೆ ಇರಲಿಲ್ಲ, ತೋಟಕ್ಕೆ ಒಂದು ಹನಿಯೂ ಬರಲಿಲ್ಲ.

ಊರ ಹತ್ತಿರ ಒಂದು ಮರಡಿ, ಅಂದರೆ ಸಣ್ಣ ಗುಡ್ಡ ಇದೆ. ಈಗ ಗುಡ್ಡದ ಹಳ್ಳ ಆ ಮರಡಿಯ ಪಶ್ಚಿಮಕ್ಕೆ ತಿರುಗಿ, ಒಂದು ಮೋರಿ ಹಾದು, ನೇರ ನಮ್ಮ ಬೇಲಿಗೆ ಬರುತ್ತದೆ. ನಕ್ಷೆಯಲ್ಲಿ ಹಾಗಿಲ್ಲ. ಒಂದು ಕಪ್ಪು ಗೆರೆ ಮರಡಿಯ ಪೂರ್ವಕ್ಕೆ ಹೋಗಿ ಹಳೇ ಕಟ್ಟೆಗೆ ಸೇರುತ್ತದೆ. ಕಟ್ಟೆಯ ಏರಿ ಪಕ್ಕದಲ್ಲಿ '12 ಆರ್' ಅಂತ ಇದೆ. ಮರಡಿಯ ಪೂರ್ವಕ್ಕೆ ಇವತ್ತು ಹಳ್ಳವೇ ಇಲ್ಲ. ಅಲ್ಲಿ ಮಣ್ಣು ತುಂಬಿ, ಮಟ್ಟ ಮಾಡಿ, ದಾರಿ ಮಾಡಿಕೊಂಡಿದ್ದಾರೆ. ಯಾರು ಅಂತ ಇಲ್ಲಿ ಬೇಡ.

ಆ ಕಪ್ಪು ಗೆರೆ ನಿಜವಾಗಿ ಹಳ್ಳವಾ, ಬಂಡಿ ದಾರಿಯಾ? ನೀರು ಅಂದರೆ ನೀಲಿ ಇರಬೇಕಲ್ವಾ? 12 ಆರ್ ಅಂದರೆ ಏನು? ಇದು ಯಾವ ಕಾಲದ ನಕ್ಷೆ? ಇದನ್ನು ಹಿಡಿದುಕೊಂಡು ಕಚೇರಿಗೆ ಹೋದರೆ ಮಾತು ನಡೆಯುತ್ತದಾ? ಗೊತ್ತಿರುವವರು ದಯವಿಟ್ಟು ಹೇಳಿ.

ಸರಪಳಿ, ಹೊಳಲ್ಕೆರೆ

ನೋಡಮ್ಮ, ನಾನು ಭೂಮಾಪನದಲ್ಲಿ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತನಾದವನು. ಮೊದಲು ಒಂದು ಮಾತು. ಆ ನಕ್ಷೆಯನ್ನು ಇನ್ನು ಮಡಿಸಬೇಡ. ಚಪ್ಪಟೆಯಾಗಿ ಇಡು. ಟೇಪು ಅಂಟಿಸಬೇಡ. ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ, ಭಾಗ ಭಾಗವಾಗಿ ಫೋಟೋ ತೆಗೆದು ಎರಡು ಕಡೆ ಇಟ್ಟುಕೋ. ಆ ಪೆನ್ಸಿಲ್ ಅಕ್ಷರ ಅಳಿಸಿದರೆ ಮತ್ತೆ ಬರುವುದಿಲ್ಲ.

57 ಸಿ/5 ಅಂದರೆ ಹೇಳುತ್ತೇನೆ. ಸರ್ವೆ ಆಫ್ ಇಂಡಿಯಾದವರು ದೇಶವನ್ನು ನಾಲ್ಕು ಡಿಗ್ರಿ ಉದ್ದ, ನಾಲ್ಕು ಡಿಗ್ರಿ ಅಗಲದ ಚೌಕ ಮಾಡಿ ನಂಬರ್ ಕೊಟ್ಟರು. ನಮ್ಮ ಚೌಕ 57. ಅದರೊಳಗೆ ಒಂದೊಂದು ಡಿಗ್ರಿಯ 16 ತುಂಡು, ಎ ಇಂದ ಪಿ ತನಕ. ಪ್ರತಿ ತುಂಡಿನಲ್ಲಿ ಮತ್ತೆ 16, ಒಂದೊಂದು 15 ನಿಮಿಷದ್ದು. ನಿನ್ನ ಶೀಟು ಉತ್ತರ ದಕ್ಷಿಣ ಸುಮಾರು 17 ಮೈಲಿ. ಅದಕ್ಕೇ ಅದು 17 ಇಂಚು ಎತ್ತರ ಇರುತ್ತದೆ, ಅಳೆದು ನೋಡು. ಹೊಸದುರ್ಗ ಪೇಟೆ ಕೆಳಗೆ ಎಡಗಡೆ ಬರಬೇಕು. ಚಿತ್ರದುರ್ಗದ ಕೋಟೆ ಇದರಲ್ಲಿ ಸಿಗಲ್ಲ, ಅದು 57 ಬಿ/8. ದಾವಣಗೆರೆ 57ರಲ್ಲೇ ಇಲ್ಲ, ಅದು ಪಕ್ಕದ 48ಕ್ಕೆ ಹೋಗುತ್ತದೆ.

ಕಪ್ಪು ಗೆರೆ ಬಗ್ಗೆ. ಇಲ್ಲಿ ಜಾಸ್ತಿ ಜನ ಎಡವುತ್ತಾರೆ. ಈ ನಕ್ಷೆಗಳಲ್ಲಿ ನೀಲಿ ಅಂದರೆ ಬೇಸಿಗೆಯಲ್ಲೂ ನೀರು ಇರುವ ಜಾಗ. ಮಳೆಗಾಲ ಮುಗಿದ ಮೇಲೆ ಒಣಗುವ ಹಳ್ಳವನ್ನು ಕಪ್ಪಿನಲ್ಲೇ ಹಾಕುತ್ತಾರೆ. ನಮ್ಮ ಜಿಲ್ಲೆಯಂಥ ಬರಗಾಲದ ಸೀಮೆಯಲ್ಲಿ ಹಳ್ಳಗಳೆಲ್ಲ ಹೆಚ್ಚುಕಡಿಮೆ ಕಪ್ಪೇ. ದಾರಿಯಾದರೆ ಗೆರೆ ನೇರವಾಗಿ, ಊರಿಂದ ಊರಿಗೆ ಹೋಗುತ್ತದೆ. ಹಳ್ಳ ಸೊಟ್ಟಸೊಟ್ಟ ಹೋಗುತ್ತದೆ, ಮೇಲೆ ಎಳೆ ಎಳೆಯಾಗಿ ಕವಲು ಒಡೆದಿರುತ್ತದೆ.

ಇನ್ನೂ ಗಟ್ಟಿಯಾಗಿ ತಿಳಿಯಬೇಕಾದರೆ ಕಂದು ಗೆರೆ ನೋಡು. ಅವನ್ನು ಕಾಂಟೂರ್ ಅನ್ನುತ್ತೇವೆ. ಒಂದು ಗೆರೆಯ ಉದ್ದಕ್ಕೂ ನಡೆದರೆ ನೀನು ಹತ್ತುವುದೂ ಇಲ್ಲ, ಇಳಿಯುವುದೂ ಇಲ್ಲ. ಇಂಚು ಮೈಲಿ ಶೀಟಿನಲ್ಲಿ ಒಂದು ಗೆರೆಯಿಂದ ಇನ್ನೊಂದಕ್ಕೆ ಸಾಮಾನ್ಯವಾಗಿ 50 ಅಡಿ ಎತ್ತರ. ಗೆರೆ ಹತ್ತಿರ ಹತ್ತಿರ ಇದ್ದರೆ ಕಡಿದಾದ ಗುಡ್ಡ, ದೂರ ದೂರ ಇದ್ದರೆ ಬಯಲು. ಗೆರೆಗಳು ಒಂದೇ ಕಡೆ ಮೂತಿ ಚಾಚಿದ ಹಾಗೆ ಬಾಗಿರುತ್ತವಲ್ಲ, ಆ ಮೂತಿ ಎತ್ತರದ ಕಡೆ ತಿರುಗಿದ್ದರೆ ಅದು ಹಳ್ಳ. ತಗ್ಗಿನ ಕಡೆ ತಿರುಗಿದ್ದರೆ ಗುಡ್ಡದ ಏಣು. ನಿನ್ನ ಕಪ್ಪು ಗೆರೆ ಈ ಮೂತಿಗಳ ತುದಿ ತುದಿಯನ್ನೇ ಹಿಡಿದು ಇಳಿದಿದ್ದರೆ ಅದು ಹಳ್ಳವೇ, ಅನುಮಾನ ಬೇಡ. ಆದರೆ ಮರಡಿ ಹತ್ತಿರದ ಬಯಲಿನಲ್ಲಿ 50 ಅಡಿ ಗೆರೆ ಏನೂ ಹೇಳಲ್ಲ. ಅಲ್ಲಿ ಹಳ್ಳದ ಗೆರೆಯನ್ನೇ ನಂಬಬೇಕು.

12 ಆರ್ ಅಂದರೆ ಸುತ್ತಲಿನ ನೆಲದಿಂದ ಏರಿಯ ಎತ್ತರ 12 ಅಡಿ. ಸಮುದ್ರ ಮಟ್ಟದಿಂದ ಅಲ್ಲ. ಸಣ್ಣ ಕಟ್ಟೆ ಅಲ್ಲ ಅದು. 12 ಅಡಿ ಏರಿ ಕಟ್ಟಿದ್ದಾರೆ ಅಂದರೆ ಆ ಹಳ್ಳದಲ್ಲಿ ಅಷ್ಟು ನೀರು ಬರುತ್ತಿತ್ತು.

ಕಾಲ ಹೇಳುವುದು ಕಷ್ಟ. ಸಾಗರ ಇದೆ, ಆದ್ದರಿಂದ ಅಣೆಕಟ್ಟು ಮುಗಿದ 1907ರ ಮೇಲಿನದು. ಅಡಿ ಲೆಕ್ಕ ಇದೆ, ಆದ್ದರಿಂದ ಮೀಟರ್ ಬಂದು 1:50,000 ಶೀಟುಗಳು ಆಗುವ ಮುಂಚಿನದು. ಮೈಸೂರು ಅಂತ ಇರುವುದರಿಂದ ಏನೂ ಗೊತ್ತಾಗಲ್ಲ, 1973ರ ನವೆಂಬರ್ 1ರ ತನಕ ರಾಜ್ಯದ ಹೆಸರೇ ಅದು. ನಿಮ್ಮ ತಾತ ಹುಟ್ಟಿದ್ದು ಯಾವಾಗ?

ಕೊನೆಗೆ, ಕಚೇರಿ ವಿಷಯ. ಈ ನಕ್ಷೆ ಒಂದೇ ಹಿಡಿದು ಹೋಗಬೇಡ. ಲೆಕ್ಕ ಹಾಕು, ಇಂಚಿಗೆ ಮೈಲಿ ಅಂದರೆ ನಕ್ಷೆಯ ಒಂದು ಮಿಲಿಮೀಟರ್ ನೆಲದ ಮೇಲೆ 63 ಮೀಟರ್. ಪೆನ್ನಿನ ಗೆರೆಯ ದಪ್ಪದಲ್ಲೇ ನಿನ್ನ ತೋಟದ ಒಂದು ಪಟ್ಟೆ ಮುಳುಗಿ ಹೋಗುತ್ತದೆ. ಜಮೀನಿನ ಗಡಿ ತೀರ್ಮಾನಕ್ಕೆ ಮಾಡಿದ ನಕ್ಷೆ ಅಲ್ಲ ಅದು. ನಿನಗೆ ಬೇಕಾದ್ದು ಗ್ರಾಮ ನಕ್ಷೆ. ಅದು ಮೈಲಿಗೆ 8 ಇಂಚು, ಅಂದರೆ ಮಿಲಿಮೀಟರಿಗೆ 8 ಮೀಟರ್ ಕೂಡ ಇಲ್ಲ. ಅದರಲ್ಲಿ ಸರ್ವೆ ನಂಬರ್ ಇರುತ್ತದೆ, ಹಳ್ಳ ಇರುತ್ತದೆ. ಅದರ ಹಿಂದೆ ಟಿಪ್ಪಣಿ. ಒಂದೊಂದು ಸರ್ವೆ ನಂಬರಿನ ಅಳತೆ ಸರಪಳಿ, ಆಣೆ ಲೆಕ್ಕದಲ್ಲಿ ಇರುತ್ತದೆ. ನಮ್ಮ ಸರಪಳಿ 33 ಅಡಿ, ಅದಕ್ಕೆ 16 ಆಣೆ. ಹಳ್ಳದ ಅಗಲ 12 ಆಣೆ ಅಂತ ಬರೆದಿದ್ದರೆ ಹತ್ತಿರ ಹತ್ತಿರ 25 ಅಡಿ. ಆಕಾರಬಂದ್ ಅಂದರೆ ಒಂದೊಂದು ಸರ್ವೆ ನಂಬರಿನ ವಿಸ್ತೀರ್ಣ, ಕಂದಾಯ ಬರೆದ ದಾಖಲೆ. ಅದರಲ್ಲಿ ಆ ಜಾಗ ಖರಾಬು, ಅಂದರೆ ಸಾಗುವಳಿಗೆ ಬಾರದ್ದು ಅಂತ ಬಿಟ್ಟಿರುತ್ತಾರೆ. ಸಾರ್ವಜನಿಕ ಹಳ್ಳ, ದಾರಿ ಆದರೆ ಬಿ ಖರಾಬು. ಅದು ಯಾರ ಸ್ವಂತದ್ದೂ ಅಲ್ಲ. ಭೂಕಂದಾಯ ಕಾಯ್ದೆಯ 67ನೇ ಕಲಂ ಪ್ರಕಾರ ಹಳ್ಳದ ಪಾತ್ರ ಸರ್ಕಾರದ್ದು.

2025ರಲ್ಲಿ ನೀರು ಬರಲಿಲ್ಲ ಅನ್ನುವ ನಿನ್ನ ವಾದ ಒಳ್ಳೇದೇ. ಆದರೆ 2022ರಲ್ಲಿ ಕೋಡಿ ಮೇಲೆ ಜಾಸ್ತಿ ನೀರು ಹರಿಯಿತು, ಆದ್ದರಿಂದ ಹಿನ್ನೀರೂ ಎತ್ತರ ಇತ್ತು ಅಂತ ಎದುರಿನವರು ಹೇಳಬಹುದು. ಅದಕ್ಕೇ ಕಾಗದ ಬೇಕು.

ಅಕ್ಷಾಂಶ, ದಾವಣಗೆರೆ

ಅಕ್ಕಾ, ಸರ್ ಹೇಳಿದ್ದಕ್ಕೆ ಇನ್ನೊಂದಿಷ್ಟು ಸೇರಿಸುತ್ತೇನೆ. ನಾನು ಜಿಐಎಸ್, ಅಂದರೆ ಕಂಪ್ಯೂಟರಿನಲ್ಲಿ ನಕ್ಷೆಯ ಕೆಲಸ ಮಾಡುತ್ತೇನೆ.

ನಕ್ಷೆಯ ಫೋಟೋವನ್ನು ಈಗಿನ ಉಪಗ್ರಹ ಚಿತ್ರದ ಮೇಲೆ ಕೂರಿಸಬಹುದು. ಕ್ಯುಜಿಐಎಸ್ ಅನ್ನೋ ತಂತ್ರಾಂಶ ಉಚಿತ. ಆದರೆ ಅಂಚಿನಲ್ಲಿರುವ ಅಕ್ಷಾಂಶ ರೇಖಾಂಶ ನೋಡಿ ಸುಮ್ನೆ ನಾಲ್ಕು ಮೂಲೆ ಹೊಂದಿಸಿದರೆ ತಪ್ಪಾಗುತ್ತದೆ. ಹಳೇ ನಕ್ಷೆಗಳು ಭೂಮಿಯ ಆಕಾರಕ್ಕೆ ಎವರೆಸ್ಟ್ ಅಳತೆ ಹಿಡಿದಿವೆ. ನಮ್ಮ ಫೋನಿನ ಜಿಪಿಎಸ್ ಹಿಡಿಯುವುದು ಡಬ್ಲ್ಯುಜಿಎಸ್ 84. ಎರಡಕ್ಕೂ ನಮ್ಮ ಕಡೆ ನೂರು ಮೀಟರ್‌ಗಿಂತ ಜಾಸ್ತಿ ವ್ಯತ್ಯಾಸ ಬರುತ್ತದೆ. ನಿಮ್ಮ ಹಳ್ಳ ಪಕ್ಕದವರ ಮನೆ ಮೇಲೆ ಹರಿದ ಹಾಗೆ ಕಾಣುತ್ತದೆ. ಇನ್ನೂ ಹಳೆಯ, 19ನೇ ಶತಮಾನದ ಶೀಟು ಯಾರ ಹತ್ತಿರವಾದರೂ ಇದ್ದರೆ ಹುಷಾರು. ಆಗ ಮದ್ರಾಸಿನ ರೇಖಾಂಶದ ಲೆಕ್ಕವೇ ಸುಮಾರು ಎರಡೂವರೆ ನಿಮಿಷ ತಪ್ಪಿತ್ತು. ಗುಡ್ಡ ನಾಲ್ಕು ಕಿಲೋಮೀಟರ್ ಸರಿದು ಕೂರುತ್ತದೆ.

ಅದಕ್ಕೇ ನೆಲದ ಗುರುತುಗಳನ್ನೇ ಹಿಡಿಯಿರಿ. ಜಾಗ ಬದಲಾಗದ ಐದಾರು ಸಾಕು. ಗುಡ್ಡದ ನೆತ್ತಿಯಲ್ಲಿ ತ್ರಿಕೋನದ ಗುರುತು ಇರುತ್ತದೆ, ಹಳೇ ದೇವಸ್ಥಾನ, ಕೆರೆ ಏರಿಯ ಎರಡು ತುದಿ, ಅಣೆಕಟ್ಟಿನ ತುದಿ. ಒಂದೇ ಕಡೆ ಗುಂಪಾಗಿ ಬೇಡ, ನಕ್ಷೆ ತುಂಬಾ ಹರಡಿರಲಿ. ನಿಮ್ಮ ನಕ್ಷೆ ಮಡಿಕೆ ಬಿದ್ದಿರುವುದರಿಂದ ನಿಮ್ಮ ಊರಿನ ಹತ್ತಿರ ಎರಡಾದರೂ ಇರಲೇಬೇಕು.

ಸರ್ವೆ ಆಫ್ ಇಂಡಿಯಾದ ಜಾಲತಾಣದಲ್ಲಿ ಈಗಿನ 1:50,000 ಶೀಟು ಸಿಗುತ್ತದೆ. ಅದರಲ್ಲೂ ಆ ಹಳ್ಳ ಪೂರ್ವಕ್ಕೇ ಇದ್ದರೆ ಬದಲಾಗಿದ್ದು ಈಚೆಗೆ ಅಂತ ಗೊತ್ತಾಗುತ್ತದೆ. ಗ್ರಾಮ ನಕ್ಷೆಯೂ ಕಂದಾಯ ಇಲಾಖೆಯ ಜಾಲತಾಣದಲ್ಲಿದೆ. ದಿಶಾಂಕ್ ಆ್ಯಪ್ ತೆರೆದು ಹಳ್ಳದಲ್ಲಿ ನಿಂತರೆ ಯಾವ ಸರ್ವೆ ನಂಬರ್ ಅಂತ ತೋರಿಸುತ್ತದೆ. ಅದು ಅಂದಾಜಿಗೆ ಮಾತ್ರ, ಅಳತೆಗೆ ಅಲ್ಲ. ಫೋಟೋ ಕಳಿಸಿದರೆ ಕೂರಿಸಿ ಕೊಡುತ್ತೇನೆ, ದುಡ್ಡು ಏನೂ ಬೇಡ.

ಚಂದ್ರವಳ್ಳಿ, ಚಿತ್ರದುರ್ಗ

ಅಕ್ಕ, ಹಳ್ಳದ ವಿಷಯ ಮೇಲಿನವರು ಹೇಳಿದ್ದಾರೆ. ನಾನು ಕೇಳುವುದು ಆ ಪೆನ್ಸಿಲ್ ಹೆಸರುಗಳನ್ನು.

ಟಿಪ್ಪು ಸತ್ತ 1799ರ ಮೇಲೆ ಕಾಲಿನ್ ಮೆಕೆಂಜಿ ಮೈಸೂರು ಸೀಮೆಯನ್ನೆಲ್ಲ ಅಳೆಸಿದ. ಆಮೇಲೆ 1815ರಲ್ಲಿ ಅವನೇ ಭಾರತದ ಮೊದಲ ಸರ್ವೇಯರ್ ಜನರಲ್ ಆದ. ಅವತ್ತಿಂದ ಇವತ್ತಿನ ತನಕ ನಮ್ಮ ಸೀಮೆಯ ಎಷ್ಟು ನಕ್ಷೆ ಬಂದವು! ಎಲ್ಲದರಲ್ಲೂ ದೊಡ್ಡ ಊರು, ದೊಡ್ಡ ಗುಡ್ಡದ ಹೆಸರು ಇದೆ. ದುರ್ಗವನ್ನು ಚಿತಲ್‌ಡ್ರೂಗ್ ಅಂತ ಬರೆದು ನಮಗೇ ಗುರುತು ಸಿಗದ ಹಾಗೆ ಮಾಡಿದ್ದೂ ಇದೆ. ಆದರೆ ದೊಣೆ, ಕುರಿ ಮಂದೆ ಬಿಡುವ ಬಯಲು, ಬಂಡೆ, ಸಣ್ಣ ಹಳ್ಳ, ಹಾಳು ಹಟ್ಟಿ, ಇವುಗಳ ಹೆಸರು ಯಾವ ನಕ್ಷೆಯಲ್ಲೂ ಇರಲ್ಲ. ಅವು ಕುರಿ ಕಾಯುವವರ ಬಾಯಲ್ಲಿ ಮಾತ್ರ ಇವೆ. ನಿಮ್ಮ ತಾತ ಅವನ್ನು ಜಾಗ ಸಮೇತ ಬರೆದಿಟ್ಟಿದ್ದಾರೆ. ಮಟ್ಟಿ, ಮರಡಿ, ಗುಡ್ಡ ಅಂತ ಬೇರೆ ಬೇರೆ ಬರೆದಿದ್ದಾರಾ ನೋಡಿ. ನಮ್ಮ ಕಡೆ ಈ ಮೂರೂ ಒಂದೇ ಅಲ್ಲ. ದಯವಿಟ್ಟು ಪಟ್ಟಿ ಮಾಡಿ ಹಾಕಿ.

ತೋಟದವಳು, ಹೊಸದುರ್ಗ ತಾಲ್ಲೂಕು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹತ್ತು ದಿನ ಓಡಾಡಿ ಈಗ ಬರೆಯುತ್ತಿದ್ದೇನೆ.

ಸರ್, ತಾತ ಹುಟ್ಟಿದ್ದು ಸಾಗರ ಮೊದಲ ಸಲ ಕೋಡಿ ಬಿದ್ದ ವರ್ಷ ಅಂತ ಅಜ್ಜಿ ಹೇಳುತ್ತಿದ್ದರು. ಅಂದರೆ 1933. ಮದುವೆಗೆ ಮುಂಚೆ ಪಾರ್ಟಿಯವರ ಜೊತೆ ಹೋಗುತ್ತಿದ್ದರಂತೆ. ನಕ್ಷೆ 17 ಇಂಚಿಗೆ ಚೂರು ಮೇಲೆ ಇದೆ, ಅಳೆದೆ. ಕಂದು ಗೆರೆಯ ಮೂತಿಗಳನ್ನು ಭೂತಗನ್ನಡಿ ಇಟ್ಟು ನೋಡಿದೆ. ಒಂಬತ್ತು ಗೆರೆ ಎಣಿಸಿದೆ. ಒಂಬತ್ತರಲ್ಲೂ ಕಪ್ಪು ಗೆರೆ ಸರಿಯಾಗಿ ತುದಿಯಲ್ಲೇ ಇದೆ. ನೀವು ಹೇಳಿದ ಮೇಲೆ ಅದು ಎಷ್ಟು ಸ್ಪಷ್ಟ ಕಾಣುತ್ತದೆ ಅಂದರೆ, ಇಷ್ಟು ದಿನ ಹೇಗೆ ಕಾಣಲಿಲ್ಲ ಅನ್ನಿಸಿತು.

ಗ್ರಾಮ ನಕ್ಷೆ ಸಿಕ್ಕಿತು. ಅದರಲ್ಲಿ ಹಳ್ಳ ಮರಡಿಯ ಪೂರ್ವಕ್ಕೇ ಇದೆ. ನಮ್ಮ ಸರ್ವೆ ನಂಬರಿನಲ್ಲಿ ಹಳ್ಳವೇ ಇಲ್ಲ. ಟಿಪ್ಪಣಿ ನಕಲಿಗೆ ಅರ್ಜಿ ಕೊಟ್ಟು ತಗೊಂಡೆ. ಈಗ ದಾರಿ ಮಾಡಿಕೊಂಡ ಜಾಗದಲ್ಲಿ ಹಳ್ಳದ ಅಗಲ 14 ಆಣೆ ಅಂತ ಬರೆದಿದೆ. ಹತ್ತಿರ ಹತ್ತಿರ 29 ಅಡಿ. ಆಕಾರಬಂದ್‌ನಲ್ಲಿ ಬಿ ಖರಾಬು. ತಹಶೀಲ್ದಾರರಿಗೆ ಅರ್ಜಿ ಬರೆದು, ಎಲ್ಲದರ ನಕಲು ಲಗತ್ತಿಸಿದ್ದೇನೆ. ತಾತನ ನಕ್ಷೆಯ ಫೋಟೋವನ್ನು ಕೊನೆಯಲ್ಲಿ ಇಟ್ಟಿದ್ದೇನೆ, ಮೊದಲಲ್ಲಿ ಅಲ್ಲ.

ತಮ್ಮಾ, ನೀನು ಕೂರಿಸಿಕೊಟ್ಟ ಚಿತ್ರ ನೋಡಿ ಅಮ್ಮ ಅತ್ತುಬಿಟ್ಟರು. ಹಳೇ ಕಟ್ಟೆಯ ಏರಿ ಇವತ್ತಿನ ಚಿತ್ರದಲ್ಲಿ ಒಂದು ಹಸಿರು ಗೀರಿನ ಹಾಗೆ ಕಾಣುತ್ತದೆ, ಮೇಲೆಲ್ಲಾ ಹೊಂಗೆ ಬೆಳೆದಿದೆ. ಅಮ್ಮ ಮದುವೆಯಾಗಿ ಬಂದ ಹೊಸದರಲ್ಲಿ ಅಲ್ಲಿ ಬಟ್ಟೆ ಒಗೆದಿದ್ದರಂತೆ. ಈ ಮಾತು ಇಷ್ಟು ವರ್ಷ ಅವರ ಬಾಯಿಂದ ಬಂದೇ ಇರಲಿಲ್ಲ. ಅವರ ಹೇಳಿಕೆಯನ್ನೂ ಬರೆಸಿ ಅರ್ಜಿಗೆ ಸೇರಿಸಿದೆ.

ಪಟ್ಟಿ ಕೇಳಿದವರಿಗೆ: ಒಟ್ಟು 31 ಹೆಸರು ಇವೆ. ಎಂಟು ಮರಡಿ, ಮೂರು ಮಟ್ಟಿ, ಆರು ದೊಣೆ, ಒಂದು ಹಾಳು ಹಟ್ಟಿ, ಮಿಕ್ಕಿದ್ದು ಬಂಡೆ, ಹಳ್ಳ. ಮರಡಿ ಅಂತ ಬರೆದಿರುವುದೆಲ್ಲ ಒಂಟಿ ಗುಡ್ಡ, ನಡುವೆ ಬಯಲು. ತಕರಾರು ಮುಗಿದ ಮೇಲೆ ಪೂರ್ತಿ ಹಾಕುತ್ತೇನೆ, ಖಂಡಿತ.

ಸರಪಳಿ, ಹೊಳಲ್ಕೆರೆ

ಚೆನ್ನಾಗಿ ಮಾಡಿದೆ ತಾಯಿ. ಹಾಗಾದರೆ ತಾತ ಹೋಗಿದ್ದು ಐವತ್ತರ ದಶಕದಲ್ಲಿ. ನಕ್ಷೆ ಅದಕ್ಕಿಂತ ಹಳೇದೂ ಇರಬಹುದು. ಪಾರ್ಟಿಯವರು ಹಿಂದಿನ ಶೀಟು ಹಿಡಿದುಕೊಂಡೇ ಫೀಲ್ಡಿಗೆ ಬರುತ್ತಿದ್ದರು.

ಅಳತೆ ದಿನ ನೀನು ಅಲ್ಲೇ ಇರು. ಅಕ್ಕಪಕ್ಕದವರಿಗೆ ನೋಟಿಸ್ ಹೋಗಿದೆಯಾ ಅಂತ ಮುಂಚೆಯೇ ಕೇಳು, ಇಲ್ಲದಿದ್ದರೆ ಆಮೇಲೆ ಒಪ್ಪಲ್ಲ ಅನ್ನುತ್ತಾರೆ. ಹಳೇ ಬಾಂದು ಕಲ್ಲು, ಅಂದರೆ ಸರ್ವೆಯ ಗಡಿ ಕಲ್ಲು ಹುಡುಕಿಸಿ, ಅಲ್ಲಿಂದ ಅಳತೆ ಶುರು ಮಾಡಲು ಹೇಳು. ಬೇಲಿಯಿಂದ ಶುರು ಮಾಡಿದರೆ ಒಪ್ಪಬೇಡ. ಬೇಲಿ ಸರಿಯುತ್ತದೆ. ಮೂರೂರಿನ ಗಡಿ ಸೇರುವ ಕಡೆ ಕಲ್ಲು ಇದ್ದೇ ಇರುತ್ತದೆ, ಮಣ್ಣಿನಲ್ಲಿ ಹೂತಿದ್ದರೆ ಗುದ್ದಲಿ ತಗೊಂಡು ಹೋಗು. ಮಹಜರಿಗೆ ಓದದೆ ಸಹಿ ಹಾಕಬೇಡ.

ಒಂದು ಕೇಳಬೇಕು ಅನ್ನಿಸಿದೆ. ಆ ದೊಣೆ ಇದೆಯಾ?

ತೋಟದವಳು, ಹೊಸದುರ್ಗ ತಾಲ್ಲೂಕು

ಇದೆ ಸರ್. ಭಾನುವಾರ ಹೋಗಿದ್ದೆ. ನಮ್ಮೂರ ಕುರಿ ಕಾಯುವ ಅಜ್ಜ ದಾರಿ ತೋರಿಸಿದರು. ಫೋನಿನಲ್ಲಿ ನೋಡಿಕೊಂಡು ಹೋದರೂ ಕೊನೆಯ ನೂರು ಹೆಜ್ಜೆ ಅವರೇ ಬೇಕಾಯಿತು. ಎರಡು ಬಂಡೆ ನಡುವೆ ಬಗ್ಗಿ ನುಸುಳಬೇಕು. ಒಳಗೆ ತೊಟ್ಟಿಯಷ್ಟು ನೀರು, ತಳದ ಕಲ್ಲು ಕಾಣುವಷ್ಟು ತಿಳಿ. ಏಪ್ರಿಲ್ ಬಿಸಿಲಿಗೆ ಕೆಳಗೆ ನಮ್ಮ ಬೋರು ಗಂಟೆಗೊಮ್ಮೆ ನಿಲ್ಲುತ್ತಿದೆ, ಅಲ್ಲಿ ನೀರು ತಣ್ಣಗೆ ಇತ್ತು. ಅಂಚಿನಲ್ಲಿ ಜೇನ್ನೊಣ ಕೂತು ಕುಡಿಯುತ್ತಿದ್ದವು. ಅಜ್ಜ ಟವೆಲ್ ಅದ್ದಿ ತಲೆಗೆ ಸುತ್ತಿಕೊಂಡರು. ನಾನು ಬಾಟಲಿಗೆ ತುಂಬಿಕೊಂಡು ಬಂದು ಅಮ್ಮನಿಗೆ ಕೊಟ್ಟೆ.

ಅಳತೆಗೆ ಬುಧವಾರ ಬರುತ್ತಾರಂತೆ. ನೋಟಿಸ್ ಹೋಗಿದೆ, ಕೇಳಿದೆ. ಗುದ್ದಲಿ ತೆಗೆದು ಬಾಗಿಲ ಹತ್ತಿರ ಇಟ್ಟಿದ್ದೇನೆ.